ಖಳನಾಯಕನ ಖಾನೆ

ಒಂದೂರಲ್ಲಿ ಒಂದು ಪೆಟ್ಟಿಗೆ ಇತ್ತಂತೆ. ಒಳಗೆ ಕಾಲಿಟ್ಟವರನ್ನು ಅದು ನೆಲದಿಂದ ಒಂಬತ್ತನೇ ಆಕಾಶಕ್ಕೆ ಎತ್ತಿಕೊಂಡು ಹೋಗುತ್ತಿತ್ತಂತೆ. ಒಂದು ದಿನ ಸಂಗೀತದ ಟೀಚರೊಬ್ಬರು ಅದರೊಳಗೆ ಹೊಕ್ಕರು. ಪೆಟ್ಟಿಗೆಗೆ ಏನನ್ನಿಸಿತೋ, ನಾಲ್ಕಕ್ಕೂ ಐದಕ್ಕೂ ನಡುವೆ ನಿಂತೇಬಿಟ್ಟಿತು.

ಲಿಫ್ಟ್ ಕಂಪನಿಯ ಪರವಾಗಿ ನಾನು ಬರೆದ ಕ್ಷಮಾಪಣೆ ಪತ್ರ ಶುರುವಾದದ್ದು ಹೀಗೆ. ನಮ್ಮ ಆಫೀಸಿನ ಮೇಡಂ ಓದಿ ಕನ್ನಡಕ ತೆಗೆದರು.

"ಇದೇನಮ್ಮಾ, ಓದೋರನ್ನ ತೂಗಿ ಮಲಗಿಸ್ತೀಯಾ?"

ಅಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆದವಳು ನಾನು. ಕೈ ತಾನಾಗಿ ಆ ಕಡೆ ಹೋಗುತ್ತದೆ. ಕಂಪನಿಗಳು ಜನರಿಗೆ ಹೇಳಬೇಕಾದ್ದನ್ನು ಬರೆದುಕೊಡುವುದು ನಮ್ಮ ಆಫೀಸಿನ ಕೆಲಸ. ಅದಕ್ಕೆ ಬೇಕಾದ ವಿದ್ಯೆಯೆಲ್ಲ ಟಿವಿ ಧಾರಾವಾಹಿಯಲ್ಲಿದೆ ಎಂಬುದು ಮೇಡಂ ನಂಬಿಕೆ. ಹಾಗಾಗಿ ಊಟದ ಡಬ್ಬಿ ಬಿಚ್ಚಿದೊಡನೆ ಎಲ್ಲರೂ ಒಂದು ಕಂತು ನೋಡಲೇಬೇಕು. ಗೋಡೆಯ ಬಿಳಿ ಹಲಗೆಯ ಮೇಲೆ ನಾಲ್ಕು ಖಾನೆಗಳಿವೆ: ನಾಯಕ, ಖಳನಾಯಕ, ಕಣ್ಣೀರು, ತಿರುವು. ಯಾವ ಕಂಪನಿಯ ಯಾವ ತಾಪತ್ರಯ ಬಂದರೂ ಮೊದಲು ಖಾನೆ ತುಂಬಬೇಕು. ಖಾಲಿ ಬಿಡುವಂತಿಲ್ಲ.

ಅವತ್ತು ಖಳನಾಯಕನ ಖಾನೆಯಲ್ಲಿ ಮೇಡಂ ಬರೆದದ್ದು "ಮೆಕ್ಯಾನಿಕ್" ಎಂದು.

"ಅವನೇನು ಮಾಡ್ದ ಮೇಡಂ?"

"ಲಿಫ್ಟನ್ನ ಕೊನೇಲಿ ಮುಟ್ಟಿದ್ದು ಅವನೇ ತಾನೆ? ಪತ್ರದಲ್ಲಿ ಅವನ ತಪ್ಪು ಅಂತ ಬರಲಿ, ಸಂಜೆಗೇ ಕೆಲಸದಿಂದ ತೆಗೆದು ಮನೆಗೆ ಕಳಿಸ್ತೀವಿ ಅಂದಿದ್ದಾರೆ ಲಿಫ್ಟ್ ಕಂಪನಿ ಮ್ಯಾನೇಜರ್."

ನನಗೆ ತಲೆಬುಡ ತಿಳಿಯಲಿಲ್ಲ. ಕಂಪನಿ ಕಳಿಸಿದ್ದ ಕಡತ ತಿರುವಿದರೆ, ಕಟ್ಟಡದ ಕಾವಲುಗಾರ ಫೋನ್ ಮಾಡಿದ ಹತ್ತೇ ನಿಮಿಷಕ್ಕೆ ಓಡಿಬಂದು ಕೈಯಿಂದಲೇ ಬಾಗಿಲು ಸರಿಸಿ ಟೀಚರನ್ನು ಇಳಿಸಿದವನೂ ಅವನೇ. ಹಾಗಾದರೆ ಅವನು ನಾಯಕ. ಒಬ್ಬನೇ ಮನುಷ್ಯ ಎರಡು ಖಾನೆಯಲ್ಲಿ ಹೇಗೆ ನಿಲ್ಲುತ್ತಾನೆ? ಮಧ್ಯೆ ಒಂದು ಬಾಣದ ಗುರುತು ಎಳೆದೆ. ಹಲಗೆ ಇನ್ನಷ್ಟು ಗೋಜಲಾಯಿತು.

ಇದರ ಮೇಲೆ, ಬೆಳಿಗ್ಗೆ ಬಾಯಿ ತಪ್ಪಿ ಒಂದು ಮಾತು ಬೇರೆ ಕೊಟ್ಟಿದ್ದೆ. ಕಂಪನಿಯಿಂದ ನಮ್ಮ ನಂಬರು ಪಡೆದು ಟೀಚರೇ ಫೋನ್ ಮಾಡಿದ್ದರು.

"ಐವತ್ತು ನಿಮಿಷ ಒಳಗಿದ್ದೆ ಕಣಮ್ಮ. ಅಲ್ಲಿ ಅಂಟಿಸಿರೋ ನಂಬರಿಗೆ ಹನ್ನೊಂದು ಸಲ ಫೋನ್ ಮಾಡ್ದೆ. ಯಾಕೆ ಯಾರೂ ಎತ್ತಲಿಲ್ಲ? ನಂಗೆ ಅದೊಂದು ಗೊತ್ತಾದ್ರೆ ಸಾಕು."

"ನಾಲ್ಕು ಗಂಟೆಯೊಳಗೆ ಬರೆದು ಕಳಿಸ್ತೀನಿ ಟೀಚರ್," ಎಂದುಬಿಟ್ಟಿದ್ದೆ.

ಎರಡೂವರೆಯಾಯಿತು. ಮೂರು ಪತ್ರ ಬರೆದು ಹರಿದೆ. ಒಂದರಲ್ಲಿ ಮೆಕ್ಯಾನಿಕ್ ಕೆಟ್ಟವನು, ಇನ್ನೊಂದರಲ್ಲಿ ದೇವರಂಥವನು, ಮೂರನೆಯದರಲ್ಲಿ ಕಣ್ಣೀರು ಎಷ್ಟಿತ್ತೆಂದರೆ ಅವನು ಇದ್ದಾನೋ ಇಲ್ಲವೋ ಅದೇ ಕಾಣಲಿಲ್ಲ. ಕೈಸೋತು ಅಜ್ಜಿಗೆ ಫೋನ್ ಮಾಡಿದೆ. ಟಿವಿಯ ಗದ್ದಲದ ನಡುವೆ ಅವಳ ದನಿ ಬಂತು.

"ಬೇಗ ಹೇಳೇ, ಮರುಪ್ರಸಾರ ಬರ್ತಿದೆ. ಈ ಪುಣ್ಯಾತ್ಗಿತ್ತಿ ಮೂರು ದಿನದಿಂದ ಬಾಗಿಲ ಹಿಡಿ ಹಿಡ್ಕೊಂಡು ನಿಂತಿದ್ದಾಳೆ."

"ಯಾಕಜ್ಜಿ?"

"ಪತ್ರ ಯಾಕೆ ಸಿಗಲಿಲ್ಲ ಅಂತ ಗಂಡ ಕೇಳ್ತಿದ್ದಾನೆ. ಇವಳು ಬಾಯಿ ಬಿಡ್ತಿಲ್ಲ. ಮೂತಿ ತೋರಿಸ್ತಾರೆ, ಗುಡುಗು ಹಾಕ್ತಾರೆ, ಕ್ಯಾಮೆರಾನ ಅತ್ತೆ ಕಡೆ ತಿರುಗಿಸ್ತಾರೆ. ಒಂದು ಮಾತು ಹೇಳಿದ್ರೆ ಕಥೆ ಇವತ್ತೇ ಮುಗಿಯುತ್ತೆ, ಅದಕ್ಕೇ ಹೇಳಲ್ಲ!"

"ಮುಗಿದ್ರೆ ನೀನು ನೋಡೋದು ಏನು?"

"ಅದು ನನ್ನ ಚಪಲ. ನಿಜವಾದ ಮನೇಲಿ ಹೀಗೆ ಮಾಡಿದ್ರೆ ಕಪಾಳಕ್ಕೆ ಬಿಡ್ತಿದ್ದೆ. ಇಡು ಫೋನು."

ಇಟ್ಟೆ. ಅಜ್ಜಿ ದಾರಿ ತೋರಿಸಿದಳೋ ಬೈದಳೋ ಗೊತ್ತಾಗಲಿಲ್ಲ. ಆದರೆ ಕಡತವನ್ನು ಮತ್ತೆ ತೆರೆದಾಗ, ಕಣ್ಣು ಖಾನೆಗಳನ್ನು ಬಿಟ್ಟು ಟೀಚರ ಪ್ರಶ್ನೆಯನ್ನೇ ಹುಡುಕಿತು. ಕಂಪನಿ ಮೂರು ವಾರದ ಹಿಂದೆ ಆಫೀಸು ಬದಲಿಸಿತ್ತು, ಜೊತೆಗೆ ಫೋನ್ ನಂಬರೂ ಬದಲಾಗಿತ್ತು. ಲಿಫ್ಟಿನೊಳಗಿನ ಚೀಟಿ ಮಾತ್ರ ಹಳೆಯದು. "ಹೊಸ ಚೀಟಿ ಕೊಡಿ" ಎಂದು ಎರಡು ಸಲ ಬರೆದು ಕೇಳಿದ್ದವನು ಮೆಕ್ಯಾನಿಕ್. ಎರಡರ ಕೆಳಗೂ "ನೋಡೋಣ" ಎಂದು ಮ್ಯಾನೇಜರ ಸಹಿ.

ನಾಲ್ಕು ಸಾಲು ಬರೆದು ಮೇಡಂ ಮುಂದಿಟ್ಟೆ.

"ಇದ್ರಲ್ಲಿ ತಿರುವು ಎಲ್ಲಿದೆ? ನಾಳೆ ಏನಾಗುತ್ತೋ ಅನ್ನೋ ಕುತೂಹಲನೇ ಇಲ್ವಲ್ಲ!"

"ಲಿಫ್ಟಿನವರಿಗೆ ಈ ಕಥೆ ನಾಳೆಗೂ ಮುಂದುವರಿಯೋದು ಬೇಕಾ ಮೇಡಂ?"

ಮೇಡಂ ಹಲಗೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖದಲ್ಲೂ ನನ್ನದೇ ಗೊಂದಲ. ಕೊನೆಗೆ ಮ್ಯಾನೇಜರಿಗೆ ಫೋನ್ ಹಚ್ಚಿದರು.

"ಸರ್, ಹೆಸರು ಹಾಕಲೇಬೇಕು ಅಂದ್ರೆ 'ನೋಡೋಣ' ಅಂತ ಬರೆದವರ ಹೆಸರೇ ಹಾಕ್ಬೇಕಾಗುತ್ತೆ... ಹೌದು, ನಿಮ್ಮದೇ... ಸರಿ ಸರ್, 'ನಾವು' ಅಂತಲೇ ಬರೀತೀವಿ. ಮೆಕ್ಯಾನಿಕ್ ಕೆಲಸಕ್ಕೆ ತೊಂದರೆ ಇಲ್ಲ ತಾನೆ? ಹಾಂ, ಸಂತೋಷ."

ಫೋನ್ ಇಟ್ಟು, ಖಳನಾಯಕನ ಖಾನೆಯನ್ನು ಅಂಗೈಯಿಂದ ಒರೆಸಿದರು. ಖಾಲಿ ಖಾನೆ ಅವರಿಗೆ ಸಹಿಸಲಾಗಲಿಲ್ಲವೇನೋ, ಸ್ವಲ್ಪ ಹೊತ್ತು ಪೆನ್ನು ಹಿಡಿದು ಅಲ್ಲೇ ನಿಂತಿದ್ದರು.

ನಾಲ್ಕಕ್ಕೆ ಆರು ನಿಮಿಷವಿತ್ತು. ಪೆಟ್ಟಿಗೆ, ಆಕಾಶ ಎಲ್ಲ ಅಳಿಸಿದ್ದೆ. ಇದಕ್ಕೆ ಕಥೆ ಅನ್ನಬಹುದೋ ಇಲ್ಲವೋ, ಈಗಲೂ ತಿಳಿಯದು. ಕೊನೆಯ ಸಲ ಓದಿಕೊಂಡೆ.

"ಟೀಚರ್, ನೀವು ಹನ್ನೊಂದು ಸಲ ಕರೆ ಮಾಡಿದ ನಂಬರನ್ನು ನಾವು ಮೂರು ವಾರದ ಹಿಂದೆಯೇ ಬಿಟ್ಟಿದ್ದೆವು. ಚೀಟಿ ಬದಲಿಸಿ ಎಂದು ನಮ್ಮ ಮೆಕ್ಯಾನಿಕ್ ಎರಡು ಸಲ ಕೇಳಿದ್ದರು. ನಾವು ಬದಲಿಸಲಿಲ್ಲ. ಅದಕ್ಕೇ ಯಾರೂ ಎತ್ತಲಿಲ್ಲ, ತಪ್ಪಾಯಿತು."

ಕಳಿಸಿದೆ.