ಚಿಕ್ಕಪ್ಪನ ಮುಗಿಯದ ಯುದ್ಧ

ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿದ ಮೇಲೆ ನಮ್ಮ ಚಿಕ್ಕಪ್ಪನಿಗೆ ಯುದ್ಧಕಾಲದ ಹಳೆಯ ವಾರಪತ್ರಿಕೆಗಳನ್ನು ಕೂಡಿಡುವ ಹುಚ್ಚು ಹಿಡಿಯಿತು. ಕೂಡಿಟ್ಟರೆ ಸಾಕೇ? ವಾರಕ್ಕೊಂದು ಸಂಚಿಕೆಯನ್ನು ಈಗಷ್ಟೇ ಅಂಚೆಯಲ್ಲಿ ಬಂತೇನೋ ಎಂಬಂತೆ ಗಟ್ಟಿಯಾಗಿ ಓದುತ್ತಿದ್ದರು, ಚಿಕ್ಕಮ್ಮ ಪಕ್ಕದಲ್ಲಿ ಕೂತು ಕೇಳಲೇಬೇಕಿತ್ತು. ಶಾಂತಿ ಒಪ್ಪಂದದ ಕೊನೆಯ ಸಂಚಿಕೆಯೊಂದು ಮಾತ್ರ ಅವರಿಗೆ ಸಿಕ್ಕಿರಲಿಲ್ಲ. ಅದು ಸಿಗುವವರೆಗೆ ಯುದ್ಧ ಮುಗಿದ ಲೆಕ್ಕವಲ್ಲವೆಂದು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು.

ಗುಜರಿ ಅಂಗಡಿಯಲ್ಲಿ ಆ ಸಂಚಿಕೆ ಕಣ್ಣಿಗೆ ಬಿದ್ದದ್ದೇ ತಡ, ಎದ್ದೆನೋ ಬಿದ್ದೆನೋ ಎಂದು ಅವರ ಮನೆಗೆ ಓಡಿದೆ. ಬಾಗಿಲಲ್ಲೇ ಚಿಕ್ಕಮ್ಮ ಅದನ್ನು ಕಸಿದುಕೊಂಡು ನನ್ನನ್ನು ಅಡುಗೆಮನೆಗೆ ಎಳೆದರು.

“ಉಸಿರೆತ್ತಬೇಡ! ಯುದ್ಧ ಮುಗಿದ್ರೆ ಈ ಮನುಷ್ಯ ಮತ್ತೆ ಇಲ್ಲಿಗೆ ನುಗ್ತಾರೆ. ಅಂಗಡಿ ಮುಚ್ಚಿದ ಹೊಸದ್ರಲ್ಲಿ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟಿದ್ರಲ್ಲ, ಉಪ್ಪು ಸಿಗದೆ ನಾನು ಅತ್ತಿದ್ದು ಮರ್ತೆಯಾ?”

ಹಿಟ್ಟಿನ ಡಬ್ಬ ಎತ್ತಿದರು. ಅದರಡಿ ಅದೇ ಸಂಚಿಕೆಯ ಇನ್ನೆರಡು ಪ್ರತಿಗಳು ಬೆಚ್ಚಗೆ ಮಲಗಿದ್ದವು.

“ಬಂದ್ರೆ ನನಗೇ ಕೊಡು ಅಂತ ಗುಜರಿಯವನಿಗೆ ಹೇಳಿಟ್ಟಿದ್ದೆ. ಆ ಮಂಕ ನಿನಗೆ ಮಾರಿದ್ದಾನೆ.”

ಅಷ್ಟರಲ್ಲಿ ನಡುಮನೆಯಿಂದ ಚಿಕ್ಕಪ್ಪ ಕೂಗಿದರು. “ಲೇ, ಬೇಗ ಬಾರೇ! ಸೈನ್ಯ ನದಿ ದಾಟ್ತಾ ಇದೆ!”

ಚಿಕ್ಕಮ್ಮ ಮೂರೂ ಪ್ರತಿಗಳ ಮೇಲೆ ಡಬ್ಬ ಕುಕ್ಕಿ, ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿದರು.

“ಅಯ್ಯೋ ದೇವರೇ! ಈ ಸಲ ಗೆಲ್ತೀವಿ ಅಂತೀರಾ?”