ಕನ್ನಡ ತರಗತಿಯ ಹನ್ನೊಂದು ಮಂದಿ

ಆನ್‌ಲೈನ್ ಪದವಿ ಕೊಡುವ ಕಾಲೇಜೊಂದರ ಬೇಗಂಪೇಟೆ ಕಚೇರಿಯಲ್ಲಿ ಮೃಣಾಲಿನಿಯ ಕೆಲಸ ಒಂದೇ: ತರಗತಿಗೆ ಬರುವುದನ್ನು ನಿಲ್ಲಿಸಿದವರಿಗೆ ಫೋನ್ ಮಾಡಿ, ಓದು ಬಿಡದಂತೆ ಒಪ್ಪಿಸುವುದು. ಅವಳ ಅಪ್ಪ ಕಾರ್ಖಾನೆಯ ನೌಕರಿಗೆಂದು ಮೈಸೂರಿನಿಂದ ಈ ತೆಲುಗು ನಗರಕ್ಕೆ ಬಂದವರು. ಹಾಗಾಗಿ ಕನ್ನಡದವರ ಪಟ್ಟಿ ಅವಳ ಪಾಲಿಗೆ ಬಂದಿತ್ತು.

ಅದರಲ್ಲಿ ಗುರುದೇವಿ ಇದ್ದಳು. ಯಾದಗಿರಿ ಕಡೆಯವಳು, ಅದೇ ನಗರದ ಉಪ್ಪಲ್‌ನಲ್ಲಿ ಕಟ್ಟಡದ ಕೆಲಸ, ಬಿ.ಎ. ಮೊದಲ ವರ್ಷ.

"ಆಗಂಗಿಲ್ರಿ ಅಕ್ಕಾ. ಕ್ಲಾಸಿನ ಹೊತ್ತಿಗೆ ತಲಿ ಮ್ಯಾಲ ಇಟ್ಟಂಗಿ ಇರ್ತಾವು. ಬಿಟ್ಟುಬಿಡ್ತೀನಿ."

"ಬಿಡ್ಬೇಡಿ ಗುರುದೇವಿ. ಪಾಠ ಫೋನಲ್ಲೇ ಉಳಿಸ್ಕೊಂಡು ಊಟದ ಹೊತ್ತಲ್ಲಿ ಕೇಳಿ. ನಾನು ಹೇಳ್ಕೊಡ್ತೀನಿ."

ಹೇಳಿಕೊಟ್ಟಳು. ವಾರಕ್ಕೊಮ್ಮೆ ತಾನೇ ಪ್ರಶ್ನೆಗಳನ್ನೂ ಕೇಳಿದಳು. ಗುರುದೇವಿ ಎರಡು ಸೆಮಿಸ್ಟರ್ ಪಾಸಾದಳು. "ನಮ್ಮತ್ತಿ ಈಗ ನನಗ ಟೀಚರಮ್ಮ ಅಂತ ಕರಿತಾಳ್ರಿ" ಎಂದು ನಕ್ಕಳು.

ಮೂರನೇ ಸೆಮಿಸ್ಟರಿಗೆ ಕಾಲೇಜು ಕನ್ನಡ ತರಗತಿಯನ್ನೇ ನಿಲ್ಲಿಸಿತು. ಮೂವತ್ತಾರು ಮಂದಿಯಲ್ಲಿ ಉಳಿದವರು ಹನ್ನೊಂದು.

"ಎಲ್ಲರನ್ನೂ ಇಂಗ್ಲಿಷ್ ತರಗತಿಗೆ ಹಾಕಿ" ಎಂದ ಮೇಲಧಿಕಾರಿ ವಾಸುದೇವ. "ಒಬ್ಬರೂ ಬಿಟ್ಟುಹೋಗಬಾರದು."

ಮೃಣಾಲಿನಿ ಗುರುದೇವಿಗೆ ಫೋನ್ ಮಾಡಿ ವಿಷಯ ತಿಳಿಸಿದಳು.

"ನನಗ ಇಂಗ್ಲಿಷ್ ಎಲ್ಲಿ ಬರ್ತೈತ್ರಿ?"

"ಅಭ್ಯಾಸ ಆಗುತ್ತೆ" ಎಂದಳು ಮೃಣಾಲಿನಿ. ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ನೀವು ಹೇಳಾಕತ್ತೀರಿ ಅಂದ್ರ ಹೂಂ ರಿ."

ಐದು ಪತ್ರಿಕೆಗಳಿದ್ದವು. ಐದರಲ್ಲೂ ಗುರುದೇವಿ ಫೇಲಾದಳು. ಆಮೇಲೆ ತರಗತಿಗೆ ಬರಲೇ ಇಲ್ಲ.

"ಅವಳಿಗೆ ಫೋನ್ ಮಾಡ್ಬೇಡಿ" ಎಂದ ವಾಸುದೇವ. "ಬಿಡ್ತೀನಿ ಅಂತ ಬಾಯಿಬಿಟ್ಟು ಹೇಳಿದರೆ ಬರ್ಕೊಳ್ಳಬೇಕಾಗುತ್ತೆ. ಸುಮ್ಮನಿದ್ದರೆ ಪಟ್ಟಿಯಲ್ಲಿ ಇರ್ತಾಳೆ."

ಸಂಜೆ ಮೆಟ್ರೊ ಮೆಟ್ಟಿಲ ಬಳಿ ನಿಂತು ಮೃಣಾಲಿನಿ ತನ್ನ ಸ್ವಂತ ಫೋನಿನಿಂದ ಕರೆ ಮಾಡಿದಳು.

"ಮೊದಲನೇ ಸಲ ಬಿಡ್ತೀನಿ ಅಂದಾಗ್ಲೆ ಬಿಟ್ಟಿದ್ರ ಚಲೋ ಇತ್ರಿ" ಎಂದಳು ಗುರುದೇವಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಆಗಾದ್ರ ದುಡಿಮಿ ಸಲುವಾಗಿ ಬಿಟ್ಟಾಳ ಅಂತಿದ್ರು. ಈಗ ದಡ್ಡಿ ಅಂತಾರ. ನನಗೂ ಹಂಗ ಅನಸಾಕತ್ತೈತಿ."

"ತಪ್ಪು ನಿಮ್ದಲ್ಲ..."

"ಹಂಗಂತ ಅವತ್ತ ಯಾಕ ಹೇಳಲಿಲ್ರಿ?"

ಗುರುದೇವಿ ಫೋನ್ ಇಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಅವಳು ಕಂಪ್ಯೂಟರಿನಲ್ಲಿ ಗುರುದೇವಿಯ ಹೆಸರಿನ ಮುಂದೆ 'ಬಿಟ್ಟಿದ್ದಾರೆ' ಎಂದು ಬರೆದಳು. ಮಧ್ಯಾಹ್ನದೊಳಗೆ ವಾಸುದೇವ ಅದನ್ನು 'ಮುಂದುವರಿಸಿದ್ದಾರೆ' ಎಂದು ತಿದ್ದಿದ್ದ. ಅವಳು ನೋಡಿದಳು. ಎದ್ದು ಹೋಗಿ ಕೇಳಬೇಕೆಂದುಕೊಂಡು ಕುರ್ಚಿಯಲ್ಲೇ ಕುಳಿತಳು. ಪಟ್ಟಿಯಲ್ಲಿ ಮುಂದಿನ ಹೆಸರು ಹುಸೇನಮ್ಮ, ಆ ಹನ್ನೊಂದು ಮಂದಿಯಲ್ಲೊಬ್ಬಳು. ಮೃಣಾಲಿನಿ ನಂಬರ್ ಒತ್ತಿದಳು.