ಕಾವಲು ತೆಗೆದ ಗೇಟು

ಜಟ್ಟನ ಹತ್ರ ಒಂದ್ ರಾಜ್ಯ ಇತ್ತು. ಮೊಬೈಲ್ ಗೇಮಲ್ಲಿ. ಮೊಬೈಲಿನ ಗಾಜು ಒಡ್ದು ಜೇಡನ ಬಲೆ ಆಗಿತ್ತಲ, ಹಂಗಾಗಿ ರಾಜಧಾನಿ ಮೇಲೆ ಮಳೆಗಾಲ ಬೇಸ್ಗೆ ಅಂತಿಲ್ಲ, ಯಾವಾಗ್ಲೂ ಸಿಡ್ಲು ಹೊಡ್ದಂಗೇ ಕಾಣುದು. ಐವತ್ ಸಾವ್ರ ಜನ ಇದ್ದ ಪ್ಯಾಟೆ ಅದು. ಹೊನ್ನಾವರ, ಕುಮಟಾ ಎರಡ್ನೂ ಮಡ್ಚಿ ಅದ್ರ ಕಿಸೆಲಿ ಹಾಕ್ಬಹುದು ಅಂತಿದ್ದ ಜಟ್ಟ. ಅಲ್ಲಿ ಅವ್ನ ಹೆಸ್ರು ಕೇಳಿದ್ರೆ ಆನೆನೂ ಕೂತ್ಕಳುದು. ಇಲ್ಲಿ ಅಂವ ಕರ್ಕಿ ಬದಿಯ ಹಳೇಧಕ್ಕೆ ಕೇರಿಲಿ ಒಂದ್ ರೆಸಾರ್ಟ್ ಕಂಪನಿಯ ಗೇಟು ಕಾಯು ವಾಚ್‌ಮನ್.

ಬೇಲಿ ಒಳಗೆ ರೆಸಾರ್ಟು ಅಂತ ಎಂತದೂ ಇರ್ಲಿಲ್ಲ. ಒಂದ್ ತಗಡಿನ ಕೋಣೆ, ಒಂದ್ ಜೆಸಿಬಿ, ಉಳ್ದದ್ದೆಲ್ಲ ಸಮುದ್ರ ದಂಡೆಯ ಮರಳು, ಹೊಯ್ಗೆ. ಆ ಹೊಯ್ಗೆ ಮೇಲೆ ಕೇರಿ ಹೆಂಗಸ್ರು ಅಜ್ಜಿ ಕಾಲದಿಂದ ಮೀನು ಒಣಗ್ಸ್ತಿದ್ರು. ಕಂಪನಿಯವ್ರು ಬಂದವ್ರೇ ಅವ್ರ ಬಲೆ, ಚಾಪೆ, ಬುಟ್ಟಿ ಎಲ್ಲಾ ಒಳಗೆ ಸೇರ್ಸಿ ಬೇಲಿ ಹೊಡ್ದ್ ಬಿಟ್ರು. ಬೇಲಿ ಹೊರಗಿನ ಮನೆಗಳೂ ಕಂಪನಿಗೆ ಬೇಕಂತೆ. ಆದ್ರೆ ಮನೆಲಿ ಜನ ಕೂತಿರು ತನ್ಕ ಜೆಸಿಬಿ ಮುಂದೆ ಬರುಕಾಗುದಿಲ್ಲಲ. ಹಂಗಾಗಿ ಹೆಂಗಸ್ರು ದಿನಾ ಬೇಲಿ ಹತ್ರ ಕೂತು ಕೂಗುದು, ಒಂದ್ ಪೊಲೀಸ್ ವ್ಯಾನು ಮಧ್ಯ ನಿಂತು ನಿದ್ದೆ ಹೊಡೆಯುದು.

ಎಲ್ಲರಿಗಿಂತ ದೊಡ್ಡ ಬಾಯಿ ಜಟ್ಟನ ಅಕ್ಕ ಮಾಸ್ತಮ್ಮಂದು. ಅವ್ಳು ಒಂದ್ ಕೂಗು ಹಾಕಿದ್ರೆ ಭಟ್ಕಳಕ್ಕೆ ಹೊರಟ ಬೋಟು ತಿರ್ಗಿ ಬರ್ತಿತ್ತು. ತಾಯಿ ಇಲ್ದ ಜಟ್ಟನ್ನ ಸಾಕಿದ್ದೇ ಅವ್ಳು. ಮಧ್ಯಾಹ್ನ ಆದ್ರೆ ಕಂಪನಿಗೆ ಬೈಯುದ ನಿಲ್ಸಿ, ಬೇಲಿ ಅಡಿಯಿಂದ ತಮ್ಮಂಗೆ ಅನ್ನ-ಸಾರಿನ ಬೋಗುಣಿ ನೂಕಿ, ಮತ್ತೆ ಬಿಟ್ಟಲ್ಲಿಂದ್ಲೇ ಬೈಯುಕೆ ಶುರು ಮಾಡುದು.

ಒಂದಿನ ಕಂಪನಿ ಮ್ಯಾನೇಜರು ನಾಗಪತಿ ಬಂದು, ಜಟ್ಟನ ಬೆನ್ನ ಹಿಂದೆ ನಿಂತು ಮೊಬೈಲು ನೋಡ್ದ.

"ಎಂತದಾ ಜಟ್ಟ ಇದು? ಪ್ಯಾಟೆ ಎಲ್ಲಾ ಕೆಂಪಾಗಿ ಹೋಗದೆ."

"ಜನ ಸಿಟ್ಟಾಗಿದ್ರು ಸಾಯೇಬ್ರೇ. ಜನ ಹೆಚ್ಚಾದ್ರೆ ಹೊಲ್ಸು ಹೆಚ್ತದೆ, ಹೊಲ್ಸು ಹೆಚ್ಚಿದ್ರೆ ಸಿಟ್ಟು. ತೆರ್ಗೆ ಇಳ್ಸ್ದೆ, ಬಾವಿ ತೋಡ್ಸ್ದೆ, ದೇವಸ್ಥಾನ ಕಟ್ಸ್ದೆ, ಕುಸ್ತಿ ಆಡ್ಸ್ದೆ. ತಣಿಯುದೇ ಇಲ್ಲ ಮಾರಾಯ್ರೆ."

"ಮತ್ತೆ?"

ಯಾರಾದ್ರೂ 'ಮತ್ತೆ' ಅಂದ್ರೆ ಜಟ್ಟ ನೆಲ ಬಿಟ್ಟು ಒಂದ್ ಗೇಣು ಮೇಲೆ ಹೋಗ್ತಿದ್ದ.

"ಮತ್ತೆ ಒಂದ್ ಉಪಾಯ ಅದೆ. ಕಾವಲಿನ ದಂಡನ್ನೆಲ್ಲ ಊರಿಂದ ಹೊರಗೆ ತಂದು ಮರೆಲಿ ನಿಲ್ಸುದು. ಕಾವ್ಲಿಲ್ಲ ಅಂದ್ಕೂಡ್ಲೆ ಜನ ದಂಗೆ ಏಳ್ತ್ರು. ಆಗ ಅದು ನಮ್ಮೂರಲ್ಲ, ವೈರಿ ಊರು. ನುಗ್ಗಿ ಹೊಡ್ದ್ರೂ ಕೇಳುವವ್ರಿಲ್ಲ. ಅರ್ಧ ಜನ ಖಾಲಿ, ಹೊಲ್ಸೂ ಖಾಲಿ, ಉಳ್ದವ್ರು ಕುರಿಮರಿ."

"ನಿನ್ನೂರನ್ನ ನೀನೇ ಹೊಡಿತ್ಯಾ?"

"ಎಷ್ಟ್ ಸಲ! ಒಂದ್ಸಲ ಹೊಡ್ದ ಹೊಡ್ತಕ್ಕೆ ಮೊಬೈಲು ಕಾದು ಕೆಂಡ. ಅದ್ರ ಮೇಲೆ ಎರಡ್ ಬಂಗ್ಡೆ ಹುರ್ಕಂಡ್ ತಿಂದೆ."

ನಾಗಪತಿ ನಗ್ಲಿಲ್ಲ. ಜಟ್ಟನ ಮಾತಿಗೆ ನಗ್ದೇ ಇದ್ದ ಮನ್ಷ ಅವ್ನೇ ಮೊದ್ಲು. "ಬುದ್ಧಿ ಅದೆ ನಿಂಗೆ" ಅಂತ ಬೆನ್ನು ತಟ್ಟಿ ಹೋದ. ಜಟ್ಟ ಅವತ್ತೆಲ್ಲ ಆ ಬೆನ್ನನ್ನ ಗೋಡೆಗೆ ಒರಗ್ಸ್ಲಿಲ್ಲ.

ಮಳೆ ಹತ್ರ ಬಂತು. ಒಂದಿನ ಬೆಳಿಗ್ಗೆ ನೋಡಿದ್ರೆ ಪೊಲೀಸ್ ವ್ಯಾನಿಲ್ಲ. ನಾಗಪತಿ ಬಂದು, "ಜಟ್ಟ, ನೀ ಇವತ್ತು ಮನೆಗ್ ಹೋಗು. ರಜೆ" ಅಂದ.

"ಗೇಟಿಗ್ಯಾರು ಸಾಯೇಬ್ರೇ?"

"ಯಾರೂ ಬೇಡ. ಬೀಗನೂ ಬೇಡ. ಹಂಗೇ ಬಿಡು."

ಕಾವಲಿಲ್ಲದ ಗೇಟನ್ನ ಜಟ್ಟ ಒಂದ್ಸಲ ನೋಡ್ದ. ಗಾಳಿಮರದ ತೋಪಿನ ಬದಿಗೆ ಕಣ್ಣು ಹಾಯ್ಸ್ದ. ಮರಗಳ ಹಿಂದೆ ಬಿಸ್ಲಿಗೆ ಎಂತದೋ ಗಾಜು ಫಳಕ್ ಅಂತು. ಅಂವ ಓಡ್ದ ಓಟಕ್ಕೆ ಚಪ್ಲಿ ಹಿಂದೇ ಉಳೀತು.

ಕೇರಿಲಿ ಹಬ್ಬ ಆಗಿತ್ತು. ಪೊಲೀಸ್ರು ಹೆದ್ರಿ ಓಡಿಹೋದ್ರು ಅಂತ ಗುಮಟೆ ಬಾರ್ಸ್ತಿದ್ರು.

"ಅಕ್ಕಾ, ಒಳಗೆ ಹೋಗ್ಬೇಡಿ. ಯಾರೂ ಹೋಗ್ಬೇಡಿ."

"ಎಂತಕ್ಕಾ?" ಮಾಸ್ತಮ್ಮ ಸೀರೆ ಎತ್ತಿ ಕಟ್ಕಂತಾ ಇದ್ಲು. "ನನ್ ಚಾಪೆ, ನನ್ ಬಲೆ. ಮಳೆ ಬಿದ್ಮೇಲೆ ತಂದು ಗೊಬ್ಬರ ಹಾಕುದಾ?"

"ಬೇಕಂತ ಗೇಟು ಬಿಟ್ಟದ್ದು ಅದು. ನೀವು ನುಗ್ಗುದನ್ನೇ ಪೊಲೀಸ್ರು ತೋಪಲ್ಲಿ ಕಾಯ್ತಾ ಕೂತಿದ್ರು. ಗೇಮಲ್ಲಿ ನಾನೂ ಹಿಂಗೇ ಮಾಡುದು. ನಾನೇ ಸಾಯೇಬ್ರಿಗೆ ಹೇಳ್ದ್ದು ಮಾರಾಯ್ತಿ!"

ಪಕ್ಕದ ಮನೆ ಕಮಲಿ ಹೊಟ್ಟೆ ಹಿಡ್ಕಂಡು ನಕ್ಲು. "ಕೇಳ್ರೇ, ನಮ್ ಜಟ್ಟ ರಾಜ ಪೊಲೀಸ್ರಿಗೆ ಪಾಠ ಹೇಳ್ಕೊಟ್ನಂತೆ! ಮೊನ್ನೆ ತಿಮಿಂಗ್ಲದ ಬೆನ್ನ ಮೇಲೆ ಚಾ ಕುಡ್ದಿದ್ದ, ಇವತ್ತು ಇದು."

"ದೇವ್ರಾಣೆ, ಇದ್ ಸುಳ್ಳಲ್ಲ."

"ತಮ್ಮಾ," ಮಾಸ್ತಮ್ಮನ ದನಿ ಇಳೀತು. "ಕಂಪನಿಯವ್ರು ಇದ್ನ ಹೇಳ್ಬಾ ಅಂತ ಕಳ್ಸಿದ್ರಾ?"

 ಅವತ್ತು ಜಟ್ಟನ ಬಾಯಿನ ನಂಬುವವ್ರಿರ್ಲಿಲ್ಲ.

ಆಗ ಅಂವ ಒಂದ್ ಕೆಲ್ಸ ಮಾಡ್ದ. ದೋಣಿ ಹುಟ್ಟೊಂದನ್ನ ಎತ್ಕಂಡು ವಾಪಸ್ ಓಡಿ, ಗೇಟಿಗೆ ಅಡ್ಡ ನಿಂತ. ಕಾವ್ಲು ತೆಗ್ದದ್ದಕ್ಕೇ ಅಲ್ದಾ ಊರು ಹಾಳಾಗುದು? ಹಂಗಾದ್ರೆ ಕಾವ್ಲು ನಾನೇ. ಐವತ್ ಸಾವ್ರ ಜನ ಆಳ್ದವ ಒಂದ್ ಕೇರಿನ ತಡೆಯುಕಾಗುದಿಲ್ವಾ?

ಕೇರಿ ಬಂತು. ಮುಂದೆ ಅಕ್ಕ.

"ಸರಿ ಆಚೆ."

"ಇಲ್ಲ."

"ನನ್ ಮೇಲೆ ಹುಟ್ಟು ಎತ್ತತ್ಯಾ? ಎತ್ತು ನೋಡ್ವ."

ಜಟ್ಟ ಎತ್ತಿದ. ಮೇಲೆ ಹೋದ ಕೈ ಅಲ್ಲೇ ನಿಂತ್ಕಂತು. ಮಾಸ್ತಮ್ಮ ಅವ್ನ ಮುಖ ಒಂದ್ಸಲ ನೋಡಿ, ಕಂಕುಳ ಅಡಿಯಿಂದ ನುಸ್ದು ಒಳಗೆ ಹೋದ್ಲು. ಅವ್ಳ ಹಿಂದೆ ಎಲ್ಲರೂ. ಹೋಗುವಾಗ ಕಮಲಿ ಅವ್ನ ಕಾಲ ಹತ್ರ ಉಗ್ದ್ಲು.

ಅವ್ರು ಚಾಪೆ ಸುತ್ತುಕೆ ಬಗ್ಗಿದ್ರು ಅಷ್ಟೇ. ತಗಡಿನ ಕೋಣೆಗೆ ಬೆಂಕಿ ಹತ್ತಿ ಬಿಡ್ತು. ಹೆಂಗಸ್ರಲ್ಲಿ ಒಬ್ರೂ ಆ ಕಡೆ ಹೋಗಿರ್ಲಿಲ್ಲ. ಹೊಗೆ ಗಾಳಿಮರದ ತುದಿ ಮುಟ್ಟುದ್ರೊಳಗೆ ತೋಪಿಂದ ವ್ಯಾನುಗಳು ಬಂದ್ವು, ಒಂದಲ್ಲ ಎರಡಲ್ಲ. ಮುಂದಿನ ವ್ಯಾನಿಂದ ಇಳ್ದವ್ನ ಕೈಲಿ ಲಾಠಿ ಇರ್ಲಿಲ್ಲ, ಕ್ಯಾಮೆರಾ ಇತ್ತು. ಅದ್ರಲ್ಲಿ ಮೊದ್ಲು ಬಿದ್ದದ್ದೇ ಗೇಟಲ್ಲಿ ಹುಟ್ಟು ಎತ್ತಿ ನಿಂತ ಜಟ್ಟ.

ಆಮೇಲೆ ಲಾಠಿನೂ ಬಂತು. ಚಾಪೆ ಹೊತ್ತವ್ರಿಗೆ ಚಾಪೆ ಮೇಲೇ ಬಿತ್ತು. ಕಮಲಿ ಕೈ ಮುರೀತು. ಕೇರಿಲಿ ಉಳ್ದ ಗಂಡಸ್ರು ಸಿಕ್ಕ ಸಿಕ್ಕ ದೋಣಿ ಹತ್ತಿ ಸಮುದ್ರಕ್ಕೆ ಹೋದ್ರು. ಮುದ್ಕ್ರು, ಮಕ್ಕಳು ರಸ್ತೆ ದಾಟಿ ಓಡಿದ್ರು. ಉಳ್ದವ್ರನ್ನ ಎಳ್ದು ವ್ಯಾನಿಗೆ ತುಂಬಿದ್ರು.

ವ್ಯಾನೊಳಗೆ ಜಟ್ಟನ ಪಕ್ಕಕ್ಕೇ ಮಾಸ್ತಮ್ಮನ್ನ ದೂಡಿದ್ರು. ಹಣೆ ಒಡ್ದು ರಕ್ತ ಕಣ್ಣಿಗೆ ಇಳ್ದು, ಅವ್ಳಿಗೆ ಎದ್ರಿಗಿದ್ದದ್ದೂ ಕಾಣ್ತಿರ್ಲಿಲ್ಲ. ಜಟ್ಟ ಅಂಗಿ ತೋಳಲ್ಲಿ ಒರ್ಸ್ದ. ಅವ್ಳು ಬೈಲಿಲ್ಲ.  "ಮನೆ ಬಾಗ್ಲು ಹಾಕ್ದೇ ಬಂದೆ. ನಾಯಿಗೀಯಿ ಹೊಕ್ತವೋ ಏನೋ" ಅಂದ್ಲು.

ವ್ಯಾನು ತಿರ್ಗ್ತು. ಕಿಟಕಿ ಜಾಳ್ಗೆಲಿ ಜಟ್ಟಂಗೆ ಕೇರಿ ಕಾಣ್ತು. ಒಂದ್ ನರಪಿಳ್ಳೆ ಇಲ್ಲ. ಜೆಸಿಬಿ ಗೇಟು ದಾಟಿ ಸಾವ್ಕಾಶ ಮನೆಗಳ ಸಾಲಿಗೆ ಹೋಗ್ತಾ ಇತ್ತು.

ಅಂವ ಸರ್ದು, ಬೆನ್ನು ಅಗ್ಲ ಮಾಡಿ, ಕಿಟಕಿಗೆ ಪೂರ್ತಿ ಅಡ್ಡ ಕೂತ.

"ಎಂತ ಸದ್ದಾ ತಮ್ಮಾ ಅದು?" ಮಾಸ್ತಮ್ಮ ಕೇಳಿದ್ಲು.

"ಸಮುದ್ರ, ಅಕ್ಕ" ಅಂದ ಜಟ್ಟ. "ಭರತದ ನೀರು ಏರ್ತಾ ಅದಲ, ಅದೇ."